ಇಂಗ್ಲೆಂಡಿನ ಇಎಚ್‌ಸಿ ಯೋಜನೆ: ಎಫ್ ವಿಭಾಗದ ಅಸ್ಪಷ್ಟ ಮಾತು ಸರಿಪಡಿಸಿದ ಕ್ರಮ

ಇಎಚ್‌ಸಿ (ಶಿಕ್ಷಣ, ಆರೋಗ್ಯ, ಆರೈಕೆ) ಯೋಜನೆ ಎಂದರೆ ವಿಶೇಷ ಶೈಕ್ಷಣಿಕ ಅಗತ್ಯವಿರುವ ಮಗುವಿಗೆ ಸ್ಥಳೀಯ ಕೌನ್ಸಿಲ್ ಕೊಡುವ ಕಾನೂನುಬದ್ಧ ದಾಖಲೆ. ಬಿ ವಿಭಾಗದಲ್ಲಿ ಮಗುವಿನ ಅಗತ್ಯಗಳು, ಎಫ್‌ನಲ್ಲಿ ಅವಕ್ಕೆ ಕೊಡುವ ಶೈಕ್ಷಣಿಕ ನೆರವು ಇರುತ್ತದೆ.

ಲಕ್ಷಣ: ನಾಲ್ಕು ವರ್ಷದ ಮಗುವಿನ ಅಂತಿಮ ಯೋಜನೆಯ ಎಫ್ ವಿಭಾಗದಲ್ಲಿ "ಅಗತ್ಯ ಬಿದ್ದಾಗ ಸ್ಪೀಚ್ ಥೆರಪಿಗೆ ಅವಕಾಶ" ಎಂದಷ್ಟೇ ಇತ್ತು. ಎಷ್ಟು ಹೊತ್ತು, ಯಾರಿಂದ ಎಂಬುದಿಲ್ಲ. ಇಂಥ ವಾಕ್ಯವಿದ್ದರೆ ಒಂದು ನಿಮಿಷವೂ ಸಿಗದಿದ್ದರೂ ಕೇಳಲು ಆಧಾರವಿಲ್ಲ.

ಉಪಯೋಗವಾಗದ್ದು: ಶಾಲೆಯ ಸೆನ್ಕೋ, ಅಂದರೆ ವಿಶೇಷ ಅಗತ್ಯಗಳ ಸಂಯೋಜಕ ಶಿಕ್ಷಕರ ಜೊತೆ ಸಭೆಗಳು (ಯೋಜನೆ ತಿದ್ದುವ ಅಧಿಕಾರ ಕೌನ್ಸಿಲ್‌ನದು, ಶಾಲೆಯದಲ್ಲ), ಕೌನ್ಸಿಲ್‌ಗೆ ದೂರು. ಕರಡು ಬಂದಾಗ 15 ದಿನದೊಳಗೆ "ಇನ್ನಷ್ಟು ನೆರವು ಬೇಕು" ಎಂದು ಬರೆದದ್ದೂ ವ್ಯರ್ಥ. ಬೇಕಾದ ವಾಕ್ಯವನ್ನೇ ಬರೆದುಕೊಡಬೇಕಿತ್ತು.

ಫಲಿಸಿದ್ದು ವಿಶೇಷ ಶಿಕ್ಷಣದ ವಿವಾದ ಕೇಳುವ ಟ್ರಿಬ್ಯೂನಲ್‌ಗೆ ಸಲ್ಲಿಸಿದ ಮೇಲ್ಮನವಿ. ಮೊದಲು ಮೀಡಿಯೇಷನ್ (ಕೌನ್ಸಿಲ್ ಜೊತೆಗಿನ ಸಂಧಾನ) ಸಲಹೆಗಾರರಿಗೆ ಫೋನ್ ಮಾಡಿ ಪ್ರಮಾಣಪತ್ರ ಪಡೆಯಿರಿ; ಮೀಡಿಯೇಷನ್‌ಗೆ ಕೂರಲೇಬೇಕೆಂದಿಲ್ಲ. ಅಂತಿಮ ಯೋಜನೆಯ ಪತ್ರದ ದಿನಾಂಕದಿಂದ ಎರಡು ತಿಂಗಳು ಅಥವಾ ಪ್ರಮಾಣಪತ್ರದಿಂದ ಒಂದು ತಿಂಗಳು, ಯಾವುದು ತಡವೋ ಅದೇ ಗಡುವು. ಶುಲ್ಕವಿಲ್ಲ.

ನಿಜವಾದ ಕೆಲಸ ಸಾಕ್ಷ್ಯದಲ್ಲಿದೆ. ಥೆರಪಿಸ್ಟ್ ವರದಿಯೇ "ಅನುಕೂಲವಾಗಬಹುದು" ಎಂದರೆ ಯೋಜನೆಯೂ ಹಾಗೇ ಬರುತ್ತದೆ. ಅವರಿಗೆ ಲಿಖಿತವಾಗಿ ಕೇಳಿ: ವಾರಕ್ಕೆ ಎಷ್ಟು ಸಲ, ಎಷ್ಟು ನಿಮಿಷ, ಒಬ್ಬರಿಗೋ ಗುಂಪಿಗೋ, ಕೊಡುವವರ ಅರ್ಹತೆ ಏನು. ಬಿ ವಿಭಾಗದ ಪ್ರತಿ ಅಗತ್ಯದ ಎದುರು ಎಫ್‌ನ ಒಂದು ನೆರವು, ವರದಿಯ ಪುಟಸಂಖ್ಯೆ ಬರೆದ ಪಟ್ಟಿ ಮಾಡಿ. ಖಾಲಿ ಉಳಿದ ಸಾಲುಗಳೇ ನಿಮ್ಮ ವಾದ. ವರ್ಕಿಂಗ್ ಡಾಕ್ಯುಮೆಂಟ್‌ನಲ್ಲಿ (ಮೇಲ್ಮನವಿ ವೇಳೆ ಎರಡೂ ಕಡೆಯವರು ತಿದ್ದುಪಡಿ ಬರೆಯುವ ಯೋಜನೆಯ ಪ್ರತಿ) ಪೋಷಕರ ಸೇರ್ಪಡೆ ದಪ್ಪಕ್ಷರದಲ್ಲಿರಬೇಕು. ಸೇರಿಸಿದ ವಾಕ್ಯದ ಮಾದರಿ: "ಅರ್ಹ ಸ್ಪೀಚ್ ಥೆರಪಿಸ್ಟ್‌ರಿಂದ ವಾರಕ್ಕೊಮ್ಮೆ 45 ನಿಮಿಷ, ಒಬ್ಬರಿಗೇ, ಶಾಲಾ ಅವಧಿಯುದ್ದಕ್ಕೂ."

ಸ್ಪೀಚ್ ಥೆರಪಿಯನ್ನು ಆರೋಗ್ಯದ ಜಿ ವಿಭಾಗಕ್ಕೆ ತಳ್ಳಲು ಬಿಡಬೇಡಿ. 2014ರ ಮಕ್ಕಳು ಮತ್ತು ಕುಟುಂಬಗಳ ಕಾಯ್ದೆಯ 42ನೇ ಸೆಕ್ಷನ್ ಪ್ರಕಾರ ಎಫ್‌ನಲ್ಲಿರುವುದನ್ನು ಒದಗಿಸಲೇಬೇಕಾದ ಹೊಣೆ ಕೌನ್ಸಿಲ್‌ನದು.