ಡ್ರಿಲ್ ಬ್ಯಾಟರಿಗಳನ್ನು ಗೋಡೆಗೆ ಹತ್ತಿಸಿದ್ದು

ನನ್ನ ಹತ್ತಿರ ಈಗ ಆರು ಬ್ಯಾಟರಿ ಇವೆ. ಎಲ್ಲವೂ 18 ವೋಲ್ಟಿನವು, ಡ್ರಿಲ್ಲಿಗೂ ಗ್ರೈಂಡರಿಗೂ ಒಂದೇ. ಇಷ್ಟು ದಿನ ಮೇಜಿನ ಮೇಲೊಂದು, ಡ್ರಾಯರಿನಲ್ಲೊಂದು, ಸ್ಕ್ರೂ ಡಬ್ಬಿ ಪಕ್ಕ ಒಂದು ಹೀಗೆ ಬಿದ್ದಿರುತ್ತಿದ್ದವು. ಅವಸರಕ್ಕೆ ಕೈಗೆ ಸಿಗುವುದು ಯಾವಾಗಲೂ ಖಾಲಿಯಾದದ್ದೇ. ಒಂದು ದಿನ ಡ್ರಾಯರ್ ಎಳೆದರೆ ಬ್ಯಾಟರಿಯ ಟರ್ಮಿನಲ್ ಸೀಳಿಗೆ (ಕರೆಂಟ್ ಹೊರಬರುವ ಜಾಗ) ಒರಗಿಕೊಂಡು ಒಂದು ಸಣ್ಣ ಮೊಳೆ ಮಲಗಿತ್ತು. ಅದನ್ನು ನೋಡಿದ ಮೇಲೆ ಇನ್ನು ತಡ ಮಾಡುವುದು ಬೇಡ ಅನ್ನಿಸಿತು.

ಬ್ಯಾಟರಿಗಳನ್ನು ಗೋಡೆಗೆ ತೂಗುಹಾಕಲು ಪ್ಲಾಸ್ಟಿಕ್ಕಿನ ಹೋಲ್ಡರ್‌ಗಳು ಸಿಗುತ್ತವೆ, ನಿಜ. ಆದರೆ ಮೂಲೆಯಲ್ಲಿ ತುಂಡು ತಗಡು ರಾಶಿ ಬಿದ್ದಿರುವಾಗ ಸುಮ್ನೆ ಯಾಕೆ ಕೊಳ್ಳುವುದು?

ಬ್ಯಾಟರಿಯ ಮೇಲ್ಭಾಗ ನೋಡಿದರೆ ಎರಡೂ ಪಕ್ಕಕ್ಕೆ ಉದ್ದಕ್ಕೆ ಒಂದೊಂದು ಗ್ರೂವ್, ಅಂದರೆ ತೋಡು ಇರುತ್ತದೆ. ಡ್ರಿಲ್ಲಿನ ಬುಡದಲ್ಲಿರುವ ಎರಡು ತುಟಿ ಆ ಗ್ರೂವಿನೊಳಗೆ ಜಾರುತ್ತವೆ. ನಾವು ಮಾಡಬೇಕಾದದ್ದೂ ಅಂಥದೇ ಎರಡು ತುಟಿ, ಅಷ್ಟೇ. ಮೊದಲು ಒಂದೇ ತಗಡಿನಲ್ಲಿ ನಾಲ್ಕು ಮಡಿಕೆ ಹಾಕಿ, ಒಳಗೆ ಬಾಗಿದ ತುಟಿಗಳಿರುವ ತೆರೆದ ಡಬ್ಬಿ ಥರ ಮಾಡೋಣ ಅಂದುಕೊಂಡೆ. ರಟ್ಟಿನಲ್ಲಿ ಚೆನ್ನಾಗಿಯೇ ಬಂತು. ತಗಡಿನಲ್ಲಿ ಮೂರು ಮಡಿಕೆ ಆಯಿತು, ನಾಲ್ಕನೆಯದಕ್ಕೆ ತಗಡು ವೈಸ್ (ಬಿಗಿದು ಹಿಡಿಯುವ ಸಲಕರಣೆ) ಒಳಗೆ ಹೋಗಲೇ ಇಲ್ಲ. ಆಗಲೇ ಬಗ್ಗಿಸಿದ ಗೋಡೆಯೇ ಅಡ್ಡ. ಅಲ್ಲದೆ ಆ ತಗಡು ಹಳೆಯ ಕಂಪ್ಯೂಟರ್ ಕ್ಯಾಬಿನೆಟ್ಟಿನದು, ತೀರಾ ತೆಳು. ಹಾಗೂ ಹೀಗೂ ಬಗ್ಗಿಸಿ ಬ್ಯಾಟರಿ ತೂಗುಹಾಕಿದರೂ ಎರಡು ಸಲ ಎಳೆಯುವಷ್ಟರಲ್ಲಿ ತುಟಿ ಬಾಯಿ ಬಿಟ್ಟಿತು.

ಆಮೇಲೆ ಹೊಳೆದದ್ದು ಇದು: ಡಬ್ಬಿ ಬೇಡ, ಎರಡು ಬೇರೆ ಬೇರೆ ಪಟ್ಟಿ ಸಾಕು. ಪ್ರತಿ ಪಟ್ಟಿಗೂ ಎರಡೇ ಮಡಿಕೆ, ಇಂಗ್ಲಿಷಿನ ಝಡ್ ಅಕ್ಷರದ ಹಾಗೆ. ಕೆಳಗಿನ ಪಾದ ಹೊರಗೆ ಚಾಚಿರುತ್ತದೆ, ಅಲ್ಲಿ ಸ್ಕ್ರೂ. ನಡುವೆ ನಿಂತ ಗೋಡೆ. ಮೇಲಿನ ತುಟಿ ಒಳಗೆ ಬಾಗಿ ಗ್ರೂವಿನಲ್ಲಿ ಕೂರುತ್ತದೆ. ಪಾದ ಹೊರಗಿರುವುದರಿಂದ ಸ್ಕ್ರೂಡ್ರೈವರ್ ಆರಾಮಾಗಿ ತಾಗುತ್ತದೆ. ಈ ಸಲ 1.2 ಮಿ.ಮೀ. ದಪ್ಪದ ಶೀಟ್ ತೆಗೆದುಕೊಂಡೆ.

ಅಳತೆಯಲ್ಲೂ ಒಮ್ಮೆ ಎಡವಿದೆ. ಪಾದ 15, ಗೋಡೆ 10, ತುಟಿ 6, ಒಟ್ಟು 31 ಮಿ.ಮೀ. ಅಂತ ಕೂಡಿ ಕತ್ತರಿಸಿದೆ. ಬಗ್ಗಿಸಿ ನೋಡಿದರೆ ಎಲ್ಲವೂ ದೊಡ್ಡದು, ತುಟಿ ಗ್ರೂವಿನ ತಳಕ್ಕೆ ಹೋಗಿ ಮುಟ್ಟುತ್ತಿದೆ. ಹೊರ ಅಳತೆಗಳನ್ನು ಕೂಡಿದಾಗ ಮೂಲೆಯನ್ನು ಎರಡು ಸಲ ಲೆಕ್ಕ ಹಾಕಿದಂತಾಗುತ್ತದೆ, ಅಲ್ವಾ? ಈ ದಪ್ಪದ ತಗಡಿಗೆ ಒಂದು ಮಡಿಕೆಗೆ ಸುಮಾರು 2 ಮಿ.ಮೀ. ಕಳೆಯಬೇಕು. ಅಂದರೆ 27 ಮಿ.ಮೀ. ಪಟ್ಟಿ ಸಾಕು. ನಿಮ್ಮ ಬ್ಯಾಟರಿಯ ಗ್ರೂವ್ ಬೇರೆ ಥರ ಇರಬಹುದು, ಕ್ಯಾಲಿಪರ್ ಹಿಡಿದು ನೀವೇ ಅಳೆದುಕೊಳ್ಳಿ.

ಹನ್ನೆರಡು ಚಿಕ್ಕ ತುಂಡುಗಳನ್ನು ಒಂದೊಂದಾಗಿ ಬಗ್ಗಿಸಲು ಹೋಗಬೇಡಿ. ಒಂದಕ್ಕೊಂದು ತಾಳೆಯಾಗುವುದಿಲ್ಲ. ನಾನು 300 ಮಿ.ಮೀ. ಉದ್ದದ ಮೂರು ಪಟ್ಟಿ ಬಗ್ಗಿಸಿ, ಆಮೇಲೆ ಪ್ರತಿಯೊಂದನ್ನೂ 70 ಮಿ.ಮೀ.ನ ನಾಲ್ಕು ತುಂಡು ಮಾಡಿದೆ. ಎರಡು ಕಬ್ಬಿಣದ ಆಂಗಲ್ ನಡುವೆ ಪಟ್ಟಿ ಇಟ್ಟು, ಮಡಿಕೆಗೆ ಎಳೆದ ಗೀಟು ಆಂಗಲ್ಲಿನ ಅಂಚಿಗೆ ಸರಿಯಾಗಿ ಬರುವಂತೆ ವೈಸಿನಲ್ಲಿ ಬಿಗಿದು, ತುದಿಗಳಿಗೆ ಕ್ಲ್ಯಾಂಪ್ ಹಾಕಿದೆ. ತುಟಿಯನ್ನು ಮೊದಲು ಬಗ್ಗಿಸಬೇಕು. ಸುತ್ತಿಗೆಯಿಂದ ನೇರವಾಗಿ ಬಡಿದರೆ ತಗಡು ಹಿಗ್ಗಿ ಅಲೆಅಲೆಯಾಗುತ್ತದೆ. ಗಟ್ಟಿ ಮರದ ತುಂಡು ಅಡ್ಡ ಇಟ್ಟು, ಈ ತುದಿಯಿಂದ ಆ ತುದಿಗೆ ಸ್ವಲ್ಪ ಸ್ವಲ್ಪವೇ ಇಳಿಸುತ್ತಾ ಹೋಗಬೇಕು. ತಗಡು ಚೂರು ಹಿಂದಕ್ಕೆ ಚಿಮ್ಮುತ್ತದೆ, ಹಾಗಾಗಿ 90 ಡಿಗ್ರಿಗಿಂತ ಕೂದಲೆಳೆಯಷ್ಟು ಜಾಸ್ತಿ ಬಗ್ಗಿಸಿ ಬಿಟ್ಟರೆ ಸರಿಗೆ ಬಂದು ನಿಲ್ಲುತ್ತದೆ. ಕತ್ತರಿಸಲು ಸಣ್ಣ ಹಲ್ಲಿನ ಹ್ಯಾಕ್ಸಾ ಬ್ಲೇಡೇ ಆಗಬೇಕು. ದೊಡ್ಡ ಹಲ್ಲು ತೆಳು ತಗಡನ್ನು ಕಚ್ಚಿ ಹಿಡಿದುಬಿಡುತ್ತದೆ. ಅಂಚುಗಳಿಗೆಲ್ಲ ಅರ ಹಾಕಿ. ನಾನು ಒಂದು ತುಂಡಿಗೆ ಮರೆತಿದ್ದೆ, ಹೆಬ್ಬೆರಳು ನೆನಪಿಸಿತು.

ಹಿಂಬದಿಗೂ ತಗಡೇ ಹಾಕುವ ಆಸೆ ಇತ್ತು. ಆದರೆ ಟರ್ಮಿನಲ್ ಸೀಳುಗಳು ಗೋಡೆಯ ಕಡೆಗೇ ಮುಖ ಮಾಡಿರುತ್ತವೆ. ಅಲ್ಲಿ ಲೋಹ ಇರುವುದು ನನಗೆ ಸರಿಕಾಣಲಿಲ್ಲ. ಬಣ್ಣ ಬಳಿದಿದ್ದೇನಲ್ಲ ಅಂತ ಧೈರ್ಯ ಮಾಡುವ ಹಾಗಿಲ್ಲ, ಅದು ಒಂದು ಗೀರಿಗೆ ಎದ್ದು ಹೋಗುತ್ತದೆ. ಲಿಥಿಯಂ ಬ್ಯಾಟರಿ ಶಾರ್ಟ್ ಆದರೆ ತಂತಿ ಕೆಂಪಗೆ ಕಾಯುವಷ್ಟು ಕರೆಂಟ್ ಬರುತ್ತದೆ. ಹಾಗಾಗಿ ಹಿಂಬದಿಗೆ 12 ಮಿ.ಮೀ. ಪ್ಲೈವುಡ್, ಕೆಳಗೆ ಬ್ಯಾಟರಿ ತಡೆದು ನಿಲ್ಲಲು ಮರದ ರೀಪು. ತಗಡು ಗ್ರೂವಿನ ಹತ್ತಿರ ಮಾತ್ರ.

ಒಂದು ಎಡವಟ್ಟು ಮಾತ್ರ ಆಗಿಹೋಯಿತು. ಅಳತೆ ನೋಡಲು ನಿಜವಾದ ಬ್ಯಾಟರಿಯನ್ನೇ ಪಟ್ಟಿಗಳ ನಡುವೆ ಇಟ್ಟುಕೊಂಡು ಡ್ರಿಲ್ ಮಾಡಿದೆ. ಎತ್ತಿ ನೋಡಿದರೆ ಸೀಳಿನ ಬಾಯಲ್ಲಿ ಸುರುಳಿ ಸುರುಳಿ ಕಬ್ಬಿಣದ ಚೂರು! ತಲೆಕೆಳಗು ಮಾಡಿ, ಒಣ ಪೇಂಟ್ ಬ್ರಷ್ಷಿನಿಂದ ಕೊಡವಿ ತೆಗೆಯುವಾಗ ಉಸಿರು ಬಿಗಿಹಿಡಿದಿದ್ದೆ. ಆಮೇಲೆ ಬ್ಯಾಟರಿಯ ಕತ್ತಿನ (ಎರಡು ಗ್ರೂವುಗಳ ನಡುವಿನ ಭಾಗದ) ಅಗಲಕ್ಕೆ 1 ಮಿ.ಮೀ. ಸೇರಿಸಿ ಮರದ ತುಂಡೊಂದನ್ನು ಕೊಯ್ದುಕೊಂಡೆ. ಅದನ್ನು ನಡುವೆ ಇಟ್ಟು ಎರಡೂ ಪಟ್ಟಿಯನ್ನು ಒತ್ತಿ ಹಿಡಿದು ಸ್ಕ್ರೂ ಹಾಕಿದರೆ ಮೇಲೂ ಕೆಳಗೂ ಅಂತರ ಒಂದೇ. ಪಟ್ಟಿಗಳು ಸ್ವಲ್ಪ ಓರೆಯಾದರೂ ಬ್ಯಾಟರಿ ಅರ್ಧದಲ್ಲೇ ಸಿಕ್ಕಿಕೊಳ್ಳುತ್ತದೆ.

ಒಂದು ಬ್ಯಾಟರಿಯ ನಡುವಿನಿಂದ ಇನ್ನೊಂದರ ನಡುವಿಗೆ ಮೊದಲು 85 ಮಿ.ಮೀ. ಇಟ್ಟಿದ್ದೆ. ನೋಡಲು ಒತ್ತಾಗಿ ಚೆನ್ನಾಗಿತ್ತು, ಬೆರಳು ಮಾತ್ರ ಹೋಗುತ್ತಿರಲಿಲ್ಲ. ಬಿಚ್ಚಿ 100 ಮಾಡಿದೆ. ಬ್ಯಾಟರಿಯ ಲಾಕ್ ಕೂರಲು ತೂತು ಮಾಡಲಿಲ್ಲ. ಮೇಲಿನಿಂದ ಇಳಿಸಿದರೆ ತನ್ನ ಭಾರಕ್ಕೆ ರೀಪಿನ ಮೇಲೆ ಕೂರುತ್ತದೆ, ತೆಗೆಯುವಾಗ ಗುಂಡಿ ಒತ್ತದೆ ಒಂದೇ ಕೈಯಲ್ಲಿ ಎತ್ತಬಹುದು. ಟರ್ಮಿನಲ್ ಸೀಳಿನ ತೆರೆದ ತುದಿ ಕೆಳಮುಖವಾಗಿರುವುದರಿಂದ ಧೂಳೂ ತುಂಬುವುದಿಲ್ಲ. ಆರೂ ಸೇರಿ 4 ಕೆ.ಜಿ. ಆಸುಪಾಸು. ಗೋಡೆಗೆ ಪ್ಲಗ್ ಹಾಕಿ ನಾಲ್ಕು ಸ್ಕ್ರೂ ಕೊಟ್ಟರೆ ಧಾರಾಳ.

ಜಾಗ ಮಾತ್ರ ನೋಡಿ ಹಾಕಿ. ಬಿಸಿಲು ಬೀಳುವ ಗೋಡೆ, ಗ್ರೈಂಡರಿನ ಕಿಡಿ ಹಾರುವ ಕಡೆ ಬೇಡ. ಎಡದ ಮೂರು ಗೂಡು ಚಾರ್ಜ್ ಆದವಕ್ಕೆ, ಬಲದ ಮೂರು ಖಾಲಿಯಾದವಕ್ಕೆ. ತಿಂಗಳುಗಟ್ಟಲೆ ಮುಟ್ಟದೆ ಇಡುವುದಾದರೆ ಪೂರ್ತಿ ಚಾರ್ಜ್ ಮಾಡಿ ಇಡುವುದಕ್ಕಿಂತ ಅರ್ಧದಲ್ಲಿ ಇಟ್ಟರೆ ಬ್ಯಾಟರಿ ಹೆಚ್ಚು ಬಾಳುತ್ತದೆ.

ಕೊನೆಗೆ ಪ್ರೈಮರ್ ಹೊಡೆದು ಎರಡು ಕೋಟ್ ಬಣ್ಣ ಕೊಟ್ಟೆ. ಕೊನೆಯ ಗೂಡಿಗೆ ಕೈ ಸ್ವಲ್ಪ ಜಾಸ್ತಿಯಾಗಿ, ಬಣ್ಣದ ದಪ್ಪವೇ ಅಲ್ಲಿದ್ದ ಸಡಿಲವನ್ನು ತಿಂದುಹಾಕಿತು. ಅದರಲ್ಲಿರುವ ಬ್ಯಾಟರಿ ತೆಗೆಯಲು ಈಗಲೂ ಒಮ್ಮೆ ಅಲ್ಲಾಡಿಸಬೇಕು. ಪಟ್ಟಿ ಬಿಚ್ಚಿ ಉಜ್ಜಬೇಕು, ಇನ್ನೂ ಪುರುಸೊತ್ತಾಗಿಲ್ಲ.