ಮರ, ಗಾರೆ, ಕಲ್ಲು: ತುಮಕೂರಿನಿಂದ ಹೋಗಿ ಒಂದು ಭಾನುವಾರದಲ್ಲಿ ಬೆಂಗಳೂರಿನ ಮೂರು ಕಟ್ಟಡ ನೋಡುವ ಬಗೆ

ಪಾಸ್ ಮಾಡಿಸಿಕೊಂಡು ತುಮಕೂರಿನಿಂದ ಬೆಂಗಳೂರಿಗೆ ದಿನವೂ ಓಡಾಡುವವರಿಗೂ ವಿಧಾನಸೌಧ ಅಂದರೆ ಬಸ್ಸಿನ ಕಿಟಕಿಯಿಂದ ಕಂಡಷ್ಟೇ. ರಜೆ ಸಿಕ್ಕ ದಿನ ಲಾಲ್‌ಬಾಗು, ಅರಮನೆ, ಮಾಲು ಎಲ್ಲವನ್ನೂ ಒಟ್ಟಿಗೆ ಮುಗಿಸಲು ಹೊರಟರೆ ಸಂಜೆಗೆ ಕಾಲುನೋವು ಬಿಟ್ಟು ಬೇರೇನೂ ಉಳಿಯುವುದಿಲ್ಲ. ಮೂರೇ ಕಟ್ಟಡ ಇಟ್ಟುಕೊಳ್ಳಿ: ಟಿಪ್ಪುವಿನ ಬೇಸಿಗೆ ಅರಮನೆ, ಈಗ ಹೈಕೋರ್ಟ್ ಇರುವ ಅಠಾರಾ ಕಚೇರಿ, ವಿಧಾನಸೌಧ. ಈ ಮೂರನ್ನು ಒಂದು ಎಳೆ ಕಟ್ಟಿದೆ. 1831ರಿಂದ 1868ರವರೆಗೆ ಸರ್ಕಾರದ ಕಚೇರಿ ನಡೆದದ್ದು ಟಿಪ್ಪುವಿನ ಅರಮನೆಯಲ್ಲಿ. ಅಲ್ಲಿಂದ ಅದು ಅಠಾರಾ ಕಚೇರಿಗೆ ಹೋಯಿತು, 1956ರಲ್ಲಿ ವಿಧಾನಸೌಧ ಎದ್ದು ನಿಂತಿತು. ಅದೇ ಕ್ರಮದಲ್ಲಿ ನೋಡಿದರೆ ಮರದಿಂದ ಗಾರೆಗೆ, ಗಾರೆಯಿಂದ ಕಲ್ಲಿಗೆ ಕಟ್ಟಡ ಬದಲಾದದ್ದು ಕಣ್ಣಿಗೇ ಗೊತ್ತಾಗುತ್ತದೆ.

ಭಾನುವಾರವೇ ಹೋಗಿ. ಆ ದಿನ ಕಬ್ಬನ್ ಪಾರ್ಕಿನೊಳಗೆ ವಾಹನ ಬಿಡುವುದಿಲ್ಲ, ವಿಧಾನಸೌಧದೊಳಗೆ ಹೋಗುವ ಅವಕಾಶವೂ ಇರುತ್ತದೆ. ಸೋಮವಾರ ಮಾತ್ರ ಬೇಡ, ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಅಂದು ರಜೆ.

ತುಮಕೂರಿನಿಂದ ಬೆಂಗಳೂರಿಗೆ 70 ಕಿಲೋಮೀಟರ್. ರೈಲಿನಲ್ಲಾದರೆ ಯಶವಂತಪುರದಲ್ಲಿ ಇಳಿಯಿರಿ, ಮೆಟ್ರೊ ನಿಲ್ದಾಣ ಪಕ್ಕದಲ್ಲೇ ಇದೆ. ಬಸ್ಸಾದರೆ ಮಾದಾವರದಲ್ಲಿ ನಿಲ್ಲಿಸುತ್ತಾರೆಯೇ ಎಂದು ಹತ್ತುವಾಗಲೇ ಕಂಡಕ್ಟರನ್ನು ಕೇಳಿಕೊಳ್ಳಿ. 2024ರ ನವೆಂಬರಿನಿಂದ ಹಸಿರು ಮಾರ್ಗದ ಮೆಟ್ರೊ ಅಲ್ಲಿಂದಲೇ ಹೊರಡುತ್ತದೆ, ಪೀಣ್ಯ, ಗೊರಗುಂಟೆಪಾಳ್ಯದ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಳ್ಳುವುದು ತಪ್ಪುತ್ತದೆ. ಬಹಳ ಜನ ಎಡವುವುದು ಒಂದೇ ಕಡೆ: ಭಾನುವಾರ ಮೆಟ್ರೊ ಶುರುವಾಗುವುದು ಬೆಳಿಗ್ಗೆ 7ಕ್ಕೆ. ಐದಕ್ಕೇ ಎದ್ದು ಬಂದರೆ ನಿಲ್ದಾಣದ ಬಾಗಿಲಲ್ಲಿ ಕಾಯಬೇಕಾಗುತ್ತದೆ. ಆ ಹೊತ್ತನ್ನು ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿನ್ನಲು ಕೊಟ್ಟರೆ ಮಧ್ಯಾಹ್ನದವರೆಗೆ ಹೊಟ್ಟೆಯ ಯೋಚನೆ ಇರುವುದಿಲ್ಲ.

ರೇಷ್ಮೆ ಸಂಸ್ಥೆ ಕಡೆಯ ರೈಲು ಹತ್ತಿ. ಮೆಜೆಸ್ಟಿಕ್ಕಿನಲ್ಲಿ ಇಳಿಯಬೇಡಿ. ಇನ್ನೆರಡು ನಿಲ್ದಾಣ ಮುಂದೆ, ಚಿಕ್ಕಪೇಟೆಯಾದ ಮೇಲೆ, ಕೃಷ್ಣರಾಜೇಂದ್ರ ಮಾರುಕಟ್ಟೆ ಬರುತ್ತದೆ. ಅಲ್ಲಿಂದ ಅರಮನೆಗೆ ನಡೆದೇ ಹೋಗಬಹುದು. ಪಕ್ಕದಲ್ಲೇ ಕೋಟೆ ವೆಂಕಟರಮಣಸ್ವಾಮಿ ದೇವಸ್ಥಾನ. ಮಧ್ಯಾಹ್ನ ಬಾಗಿಲು ಹಾಕುತ್ತಾರೆ, ಅದಕ್ಕೇ ಮೊದಲು ಅಲ್ಲಿಗೆ ಹೋಗಿ.

ಅರಮನೆಯನ್ನು ಹೈದರಾಲಿ ಆರಂಭಿಸಿದ, ಟಿಪ್ಪು 1791ರಲ್ಲಿ ಮುಗಿಸಿದ. ಅರಮನೆ ಅಂದ ಕೂಡಲೇ ಮೈಸೂರು ನೆನಪಾಗುವವರಿಗೆ ಇದು ಚಿಕ್ಕದೆನಿಸಿ, ಐದು ನಿಮಿಷಕ್ಕೇ ಹೊರಬಂದುಬಿಡುತ್ತಾರೆ. ಹಾಗೆ ಮಾಡದೆ ಒಂದು ಕಂಬದ ಬುಡದಿಂದ ಶುರು ಮಾಡಿ. ಬುಡದಲ್ಲಿ ಕಲ್ಲು, ಅದರ ಮೇಲೆ ತೇಗದ ಕಂಬ, ತುದಿಯಲ್ಲಿ ಹೂವಿನೆಸಳಿನಂತೆ ಕತ್ತರಿಸಿದ ಕಮಾನು. ಮರದ ಬುಡ ನೆಲಕ್ಕೆ ತಾಗಿದರೆ ತೇವ ಏರಿ ಗೆದ್ದಲು ಹಿಡಿಯುತ್ತದೆ. ನಮ್ಮ ಹಳ್ಳಿಯ ತೊಟ್ಟಿಮನೆಗಳಲ್ಲೂ ಕಂಬದ ಕೆಳಗೆ ಕಲ್ಲು ಕೊಡುವುದು ಇದೇ ಕಾರಣಕ್ಕೆ. ಆಮೇಲೆ ತಲೆಯೆತ್ತಿ ಗೋಡೆ, ಸೂರು ನೋಡಿ, ಮಾಸಿದ ಹೂಬಳ್ಳಿಯ ಬಣ್ಣ ಅಲ್ಲಲ್ಲಿ ಉಳಿದಿದೆ. ಹೊರಗಿನ ಬಿಸಿಲಿನಿಂದ ಒಳಗೆ ಬಂದ ಕೂಡಲೇ ಅದು ಕಾಣುವುದಿಲ್ಲ, ಕಣ್ಣು ಒಗ್ಗಲು ಎರಡು ನಿಮಿಷ ಬೇಕು.

ಅಲ್ಲಿಂದ ಮೆಜೆಸ್ಟಿಕ್ಕಿಗೆ ವಾಪಸ್ ಬಂದು ನೇರಳೆ ಮಾರ್ಗಕ್ಕೆ ಬದಲಾಯಿಸಿ. ವೈಟ್‌ಫೀಲ್ಡ್ ಕಡೆಯ ರೈಲಿನಲ್ಲಿ ಎರಡನೆಯ ನಿಲ್ದಾಣವೇ ವಿಧಾನಸೌಧ. ಅಲ್ಲಿ ಇಳಿದು ಮೊದಲು ಅಠಾರಾ ಕಚೇರಿ ನೋಡಿ. ಅಠಾರಾ ಅಂದರೆ ಹದಿನೆಂಟು. ಹದಿನೆಂಟು ಇಲಾಖೆಗಳಿಗೆಂದು 1868ರಲ್ಲಿ ಮುಗಿದ ಈ ಕೆಂಪು ಕಟ್ಟಡದಲ್ಲಿ ಈಗ ಹೈಕೋರ್ಟ್ ಇದೆ. ಪ್ರವಾಸಿಗರನ್ನು ಒಳಗೆ ಬಿಡುವುದಿಲ್ಲ, ಹೊರಗಿನಿಂದಲೇ ನೋಡಬೇಕು. ಗೇಟಿನ ಮುಂದೆ ನಿಂತರೆ ಬರೀ ಕೆಂಪು ಗೋಡೆ. ಪಾರ್ಕಿನೊಳಗೆ ಹೋಗಿ ಹಿಂತಿರುಗಿ ನೋಡಿ, ಸಾಲುಗಂಬಗಳ ಉದ್ದ ಆಗ ಒಂದೇ ನೋಟಕ್ಕೆ ಸಿಗುತ್ತದೆ. ಪಾರ್ಕಿನಲ್ಲೇ ಮುಂದೆ ಸಾಗಿದರೆ 1915ರ ಶೇಷಾದ್ರಿ ಅಯ್ಯರ್ ಸ್ಮಾರಕ ಭವನ, ಅದೂ ಕೆಂಪೇ, ಈಗ ಕೇಂದ್ರ ಗ್ರಂಥಾಲಯ. ಹೈಕೋರ್ಟಿನ ಮುಂದಿದ್ದ ಮಾರ್ಕ್ ಕಬ್ಬನ್‌ನ ಕುದುರೆ ಪ್ರತಿಮೆಯನ್ನು 2020ರಲ್ಲಿ ಪಾರ್ಕಿನೊಳಕ್ಕೆ ತಂದರು. ಹಳೆಯ ಫೋಟೊ ನೋಡಿಕೊಂಡು ಹಳೆಯ ಜಾಗದಲ್ಲಿ ಹುಡುಕಿದರೆ ಸಿಗುವುದಿಲ್ಲ.

ಕಾಲಲ್ಲಿ ಶಕ್ತಿ ಇದ್ದರೆ ಕಸ್ತೂರಬಾ ರಸ್ತೆಯ ವಸ್ತುಸಂಗ್ರಹಾಲಯ ಬಿಡಬೇಡಿ. ದುರಸ್ತಿಗೆಂದು ಬಾಗಿಲು ಹಾಕಿರುವ ಸಾಧ್ಯತೆ ಇರುವುದರಿಂದ ತೆರೆದಿದೆಯೇ ಎಂದು ಮೊದಲೇ ವಿಚಾರಿಸಿಕೊಳ್ಳಿ. ಅಲ್ಲಿ ಕೇಳಬೇಕಾದದ್ದು ಆತಕೂರು ಶಾಸನ, ಹತ್ತನೆಯ ಶತಮಾನದ್ದು. ಕಾಳಿ ಎಂಬ ನಾಯಿ ಹಂದಿಯೊಂದಿಗೆ ಕಾದಾಡಿ, ಎರಡೂ ಸತ್ತದ್ದಕ್ಕೆ ನೆಟ್ಟ ಕಲ್ಲು. ಕೆತ್ತಿದ ನಾಯಿ ಹಂದಿಯ ಸುತ್ತ ಹಳಗನ್ನಡದ ಅಕ್ಷರಗಳಿವೆ. ಎದುರಿಗೆ ನಿಂತರೆ ಅಕ್ಷರ ಕಲ್ಲಿನಲ್ಲೇ ಕರಗಿಹೋಗುತ್ತವೆ. ಒಂದು ಪಕ್ಕಕ್ಕೆ ಸರಿದು ಓರೆಯಾಗಿ ನೋಡಿ, ಗೀರುಗಳಲ್ಲಿ ನೆರಳು ನಿಂತು ಸಾಲುಗಳು ಎದ್ದು ಬರುತ್ತವೆ. ಕೈ ಮಾತ್ರ ಹಚ್ಚಬೇಡಿ. ಮಕ್ಕಳಿದ್ದರೆ ಅದೇ ರಸ್ತೆಯ ವಿಶ್ವೇಶ್ವರಯ್ಯ ವಿಜ್ಞಾನ ಸಂಗ್ರಹಾಲಯಕ್ಕೆ ಎಳೆಯುತ್ತಾರೆ. ಒಳಹೊಕ್ಕರೆ ಎರಡು ಗಂಟೆ ಹೋಯಿತೆಂದೇ ಲೆಕ್ಕ, ಅದನ್ನು ಇನ್ನೊಂದು ದಿನಕ್ಕಿಡಿ.

ಮೂರು ಗಂಟೆಗೆ ವಿಧಾನಸೌಧದ ಹತ್ತಿರ ಇರಿ. ಭಾನುವಾರ ಹಾಗೂ ಎರಡನೇ, ನಾಲ್ಕನೇ ಶನಿವಾರ ಗೈಡ್ ಜೊತೆ ಒಳಗೆ ಕರೆದೊಯ್ಯುವ ವ್ಯವಸ್ಥೆ 2025ರಲ್ಲಿ ಶುರುವಾಗಿದೆ. ಟಿಕೆಟ್ಟನ್ನು ಪ್ರವಾಸೋದ್ಯಮ ಇಲಾಖೆಯ ವೆಬ್‌ಸೈಟಿನಲ್ಲಿ ಮುಂಚೆಯೇ ಮಾಡಿಸಿ. ತಂಡ ಚಿಕ್ಕದಾದ್ದರಿಂದ ಗೇಟಿಗೆ ಹೋಗಿ ಕೇಳುತ್ತೇನೆಂದರೆ ಆಗದು. ಆಧಾರ್ ಇರಲಿ, ದೊಡ್ಡ ಬ್ಯಾಗ್ ಬೇಡ.

1951ರ ಜುಲೈ 13ರಂದು ನೆಹರೂ ಅಡಿಗಲ್ಲು ಹಾಕಿದರು, ಕಟ್ಟಡಕ್ಕೆ ಈ ರೂಪ ಬಂದದ್ದು ಕೆಂಗಲ್ ಹನುಮಂತಯ್ಯನವರ ಹಟದಿಂದ. ಪೂರ್ವದ ಮೆಟ್ಟಿಲುಗಳ ಮೇಲೆ 40 ಅಡಿಯ 12 ಕಂಬಗಳಿವೆ. ಬಿಸಿಲು ಬಿದ್ದ ಮುಂಭಾಗದ ಫೋಟೊ ಬೇಕೆಂದರೆ ಬೆಳಿಗ್ಗೆಯೇ ಬರಬೇಕು, ಮಧ್ಯಾಹ್ನದ ಮೇಲೆ ಅದು ನೆರಳಿನಲ್ಲಿರುತ್ತದೆ. ತುಮಕೂರಿನವರು ಹುಡುಕಲೇಬೇಕಾದದ್ದು ಇನ್ನೊಂದಿದೆ. ಗೋಡೆಯ ಬೂದುಕಲ್ಲು ಬೆಂಗಳೂರು ಸುತ್ತಲಿನದು. ಅಲಂಕಾರಕ್ಕೆ ಬಳಸಿದ್ದು ಮಾಗಡಿಯ ಗುಲಾಬಿ ಕಲ್ಲು, ನಮ್ಮ ತುರುವೇಕೆರೆಯ ಕರಿಕಲ್ಲು. ತುರುವೇಕೆರೆ ಗಂಗಾಧರೇಶ್ವರನ ಗುಡಿಯಲ್ಲಿ ಕನ್ನಡಿಯಂತೆ ಹೊಳೆಯುವ ಕರಿ ಬಸವಣ್ಣನನ್ನು ಕಂಡವರಿಗೆ ಆ ಹೊಳಪಿನ ಪರಿಚಯ ಇದ್ದೇ ಇರುತ್ತದೆ. ಕರಿಕಲ್ಲು ಎಲ್ಲೆಲ್ಲಿದೆ ಎಂದು ಗೈಡ್‌ನನ್ನು ಬಾಯಿಬಿಟ್ಟು ಕೇಳಿ, ಕೇಳದಿದ್ದರೆ ಅವರು ಮುಂದಕ್ಕೆ ಹೋಗಿಬಿಡಬಹುದು.

ಕತ್ತಲಾದ ಮೇಲೆ ಕಟ್ಟಡಕ್ಕೆ ದೀಪ ಹಾಕುತ್ತಾರೆ. ರಸ್ತೆಯ ಆಚೆ ಬದಿಯ ಫುಟ್‌ಪಾತ್‌ನಲ್ಲಿ ನಿಂತರೆ ಗುಮ್ಮಟದ ತುದಿಯ ಸಿಂಹಗಳವರೆಗೂ ಪೂರ್ತಿ ಕಾಣುತ್ತದೆ. ಕೊನೆಯ ರೈಲಿನ ಹೊತ್ತನ್ನು ಬೆಳಿಗ್ಗೆಯೇ ನೋಡಿಟ್ಟುಕೊಂಡಿರಿ. ರೈಲು ತಪ್ಪಿದರೆ ಮೆಜೆಸ್ಟಿಕ್ಕಿನಿಂದಲೇ ತುಮಕೂರಿನ ಬಸ್ ಹತ್ತಿ, ಯಶವಂತಪುರಕ್ಕೆ ಬಂದು ಹತ್ತುವಷ್ಟರಲ್ಲಿ ಸೀಟುಗಳು ತುಂಬಿರುತ್ತವೆ.