ಅಂಗೈ ಬೆವರಿಗೆ ಆಪರೇಷನ್: ಉಸಿರಾಟ ನೋಡಿಕೊಳ್ಳುವುದು ಹೇಗೆ?

ಬೆವರುವುದು ಅಂಗೈ, ಆಪರೇಷನ್ ನಡೆಯುವುದು ಎದೆಯೊಳಗೆ. ಬೆವರಿಸುವ ಸಿಂಪಥೆಟಿಕ್ ನರ ಬೆನ್ನುಮೂಳೆಯ ಪಕ್ಕದಲ್ಲೇ, ಪಕ್ಕೆಲುಬುಗಳ ಬುಡದ ಮೇಲೆ ಇಳಿಯುತ್ತದೆ. 3 ಅಥವಾ 4ನೇ ಪಕ್ಕೆಲುಬಿನ ಹತ್ತಿರ ಅದನ್ನು ಕತ್ತರಿಸಲು ಕೆಲವೇ ನಿಮಿಷ ಸಾಕು. ಅಡ್ಡ ಬರುವುದು ಶ್ವಾಸಕೋಶ. ಅದನ್ನು ಕುಗ್ಗಿಸಿ, ಮತ್ತೆ ಪೂರ್ತಿ ಅರಳಿಸುವುದರಲ್ಲೇ ಅರಿವಳಿಕೆ ವೈದ್ಯರ ಕೈಚಳಕವಿದೆ.

ಊಟ 6 ಗಂಟೆ ಮೊದಲೇ ನಿಲ್ಲಬೇಕು. ಬರೀ ನೀರಾದರೆ 2 ಗಂಟೆ ಮುಂಚಿನವರೆಗೂ ಕುಡಿಯಬಹುದು. ಬೆವರಿದ ಚರ್ಮಕ್ಕೆ ಇಸಿಜಿ ಪಟ್ಟಿ ಅಂಟುವುದಿಲ್ಲ, ಒರೆಸಿ ಒಣಗಿಸಿಯೇ ಹಚ್ಚಬೇಕು. ತಲೆಭಾಗವನ್ನು 30ರಿಂದ 45 ಡಿಗ್ರಿ ಎತ್ತಿದರೆ ಶ್ವಾಸಕೋಶ ತನ್ನ ಭಾರಕ್ಕೇ ಕೆಳಗೆ ಜಾರುತ್ತದೆ. ತೋಳನ್ನು 90 ಡಿಗ್ರಿಗಿಂತ ಹೆಚ್ಚು ಅಗಲಿಸಬಾರದು. ತೋಳಿನ ನರ ಜಗ್ಗಿದರೆ ಎಚ್ಚರವಾದ ಮೇಲೂ ಕೈ ಜೋಮು ಹಿಡಿದಿರುತ್ತದೆ.

ಶ್ವಾಸನಾಳಕ್ಕೆ ಜೋಡಿ ನಾಳದ ಟ್ಯೂಬ್ (ಎರಡು ಶ್ವಾಸಕೋಶಕ್ಕೂ ಬೇರೆಬೇರೆ ದಾರಿ ಇರುವಂಥದ್ದು) ಹಾಕಿದರೆ ಒಂದು ಶ್ವಾಸಕೋಶಕ್ಕೆ ಮಾತ್ರ ಗಾಳಿ ನಿಲ್ಲಿಸಬಹುದು. ಮಲಗಿದ್ದಾಗ ಸರಿಯಾಗಿ ಕೂತ ಟ್ಯೂಬ್ ಭಂಗಿ ಬದಲಿಸಿದಾಗ ಜರುಗುತ್ತದೆ, ಬ್ರಾಂಕೋಸ್ಕೋಪ್ (ಶ್ವಾಸನಾಳದೊಳಗೆ ನೋಡುವ ಸಪೂರ ದರ್ಶಕ) ಇಳಿಸಿ ಇನ್ನೊಮ್ಮೆ ನೋಡಲೇಬೇಕು. ಮಾಮೂಲಿ ಒಂಟಿ ಟ್ಯೂಬ್ ಇಟ್ಟು, ಎದೆಗೂಡಿಗೆ ಇಂಗಾಲದ ಡೈಆಕ್ಸೈಡ್ ಬಿಟ್ಟು ಶ್ವಾಸಕೋಶವನ್ನು ಒತ್ತಿ ಸರಿಸುವುದೂ ಉಂಟು. ಒತ್ತಡ 6ರಿಂದ 8 ಎಂಎಂ ಪಾದರಸದಲ್ಲಿರಲಿ, ಅನಿಲ ನಿಧಾನವಾಗಿ ಹೋಗಲಿ. ಅವಸರ ಮಾಡಿದರೆ ಹೃದಯಕ್ಕೆ ಮರಳುವ ರಕ್ತ ತಡೆದು ಬಿಪಿ, ನಾಡಿ ಒಟ್ಟಿಗೆ ಕುಸಿಯುತ್ತವೆ. ಆಗ ಇಂಜೆಕ್ಷನ್‌ಗೆ ಕೈಹಾಕುವ ಮೊದಲು ಅನಿಲ ಹೊರಬಿಡಬೇಕು.

ಒಂದೇ ಶ್ವಾಸಕೋಶ ಉಸಿರಾಡುವಾಗ ಪ್ರತಿ ಉಸಿರು ಕಿಲೋ ತೂಕಕ್ಕೆ 4ರಿಂದ 6 ಎಂಎಲ್ ಸಾಕು. ಆಮ್ಲಜನಕದ ಮಟ್ಟ ಇಳಿಯತೊಡಗಿದರೆ ಟ್ಯೂಬ್ ಪರೀಕ್ಷಿಸಿ, ಆಮ್ಲಜನಕವನ್ನು ನೂರಕ್ಕೆ ನೂರು ಕೊಡಿ. ಆಗಲೂ ಏರದಿದ್ದರೆ ಸರ್ಜನ್‌ಗೆ ಕೈ ನಿಲ್ಲಿಸಲು ಹೇಳಿ, ಎರಡೂ ಕಡೆ ಗಾಳಿ ತುಂಬಬೇಕು. ಸಂಕೋಚ ಇಲ್ಲಿ ಬೇಡ. ನರ ತುಂಡಾದ ಕೆಲ ನಿಮಿಷಗಳಲ್ಲಿ ಅಂಗೈಗೆ ಅಂಟಿಸಿದ ತಾಪಮಾಪಕ ಸುಮಾರು 1 ಡಿಗ್ರಿ ಏರುತ್ತದೆ.

ಮುಚ್ಚುವ ಮುನ್ನ ಎದೆಯ ರಂಧ್ರದೊಳಗೆ ಸಣ್ಣ ನಳಿಕೆ ಇಟ್ಟು, ಅದರ ಇನ್ನೊಂದು ತುದಿಯನ್ನು ನೀರಿನ ಬಟ್ಟಲಲ್ಲಿ ಮುಳುಗಿಸುತ್ತಾರೆ. ಶ್ವಾಸಕೋಶಕ್ಕೆ ಗಾಳಿ ತುಂಬುವ ಬ್ಯಾಗನ್ನು 20ರಿಂದ 30 ಸೆಂ.ಮೀ. ನೀರಿನ ಒತ್ತಡದಲ್ಲಿ ಅದುಮಿ ಹಿಡಿದಾಗ ಗುಳುಗುಳು ಗುಳ್ಳೆ ಬರುತ್ತದೆ; ಕ್ಯಾಮೆರಾದಲ್ಲಿ ಕಪ್ಪಿಟ್ಟು ಮುದುಡಿದ್ದ ಶ್ವಾಸಕೋಶ ತೇಪೆತೇಪೆಯಾಗಿ ಗುಲಾಬಿಗೆ ತಿರುಗುವುದು ಕಾಣುತ್ತದೆ. ಗುಳ್ಳೆ ಪೂರ್ತಿ ನಿಂತ ಮೇಲೆ, ಒತ್ತಡ ಬಿಡದೆಯೇ ನಳಿಕೆ ತೆಗೆಯಬೇಕು. ಅರಿವಳಿಕೆಗೆ ಕೊಡುವ ನೈಟ್ರಸ್ ಆಕ್ಸೈಡ್ ಅನಿಲ ಬಳಸದಿರುವುದೇ ಲೇಸು, ಒಳಗೆ ಉಳಿದ ಅನಿಲದ ಗುಳ್ಳೆಯನ್ನು ಅದು ಉಬ್ಬಿಸುತ್ತದೆ.

ಎರಡೂ ಅಂಗೈಗಾಗಿ ಎದೆಯ ಎರಡೂ ಬದಿ ಆಪರೇಷನ್ ಮಾಡುವಾಗ ಎಡವುವುದು ಹೆಚ್ಚಾಗಿ ಎರಡನೇ ಬದಿಯಲ್ಲಿ. ಮೊದಲ ಶ್ವಾಸಕೋಶ ಅರೆಬರೆ ಅರಳಿದ್ದರೆ, ಎರಡನೆಯದನ್ನು ಕುಗ್ಗಿಸಿದ ಕೂಡಲೇ ಉಸಿರಿನ ಭಾರವೆಲ್ಲ ಆ ಅರೆಬರೆಯದರ ಮೇಲೇ ಬೀಳುತ್ತದೆ. ಆಮ್ಲಜನಕ ಮೊದಲಿನ ಮಟ್ಟಕ್ಕೆ ಬಂದು ನಿಂತಮೇಲೆಯೇ ಆ ಕಡೆ ಹೋಗಬೇಕು.

ವಾರ್ಡಿಗೆ ಕಳಿಸುವ ಮುನ್ನ ಎದೆಯ ಎಕ್ಸ್‌ರೇ ಆಗಲಿ. ಉಳಿದ ಇಂಗಾಲದ ಡೈಆಕ್ಸೈಡ್ ತಾನಾಗಿ ಬೇಗ ಕರಗುತ್ತದೆ; ಗಾಳಿಯಾದರೆ ನಿಧಾನ. ಏದುಸಿರು ಬಂದರೆ ಮಾತ್ರ ಎದೆಗೆ ನಳಿಕೆ ಹಾಕಬೇಕಾದೀತು.